ವೆರಿಚಿಪ್

ಮನುಷ್ಯರ ತೋಳಿನ ಚರ್ಮದಡಿ ಸೇರಿಸಲೆಂದು ಅಮೆರಿಕದಲ್ಲಿ ತಯಾರಾದ ಗುರುತಿನ ಮೈಕ್ರೋಚಿಪ್. ಫ್ಲಾರಿಡಾದ ಅಪ್ಲೈಡ್ ಡಿಜಿಟಲ್ ಸೊಲ್ಯೂಷನ್ಸ್ ಕಂಪನಿ ಇದನ್ನು ಮಾರುಕಟ್ಟೆಗೆ ತಂದಿತು. ಅಲ್ಲಿನ ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ 2004ರ ಅಕ್ಟೋಬರ್‌ನಲ್ಲಿ ವೈದ್ಯಕೀಯ ಬಳಕೆಗೆ ಒಪ್ಪಿಗೆ ಕೊಟ್ಟಿತು. ಆರು ವರ್ಷ ಕಳೆಯುವುದರೊಳಗೆ ಮಾರಾಟ ನಿಂತುಹೋಯಿತು.

ಅಕ್ಕಿಕಾಳಿನಷ್ಟು ದೊಡ್ಡದಾದ ಗಾಜಿನ ಕೊಳವೆ. ಒಳಗೆ ತಂತಿಸುರುಳಿ ಮತ್ತು ಚಿಪ್. ಬ್ಯಾಟರಿ ಇಲ್ಲ. ಸ್ಕ್ಯಾನರ್ ಹತ್ತಿರ ಹಿಡಿದಾಗ ಅದರ ರೇಡಿಯೋ ತರಂಗಗಳಿಂದಲೇ ಶಕ್ತಿ ಪಡೆದು 16 ಅಂಕಿಯ ಒಂದು ಸಂಖ್ಯೆಯನ್ನು ಹೊರಗೆ ಕಳಿಸುತ್ತದೆ, ಅಷ್ಟೆ. ರೋಗಿಗೆ ಸಕ್ಕರೆ ಕಾಯಿಲೆ ಇದೆಯೇ, ಯಾವ ಔಷಧ ಆಗಿಬರುವುದಿಲ್ಲ ಎಂಬುದೆಲ್ಲ ಕಂಪನಿಯ ಕಂಪ್ಯೂಟರ್‌ನಲ್ಲಿರುತ್ತಿತ್ತು. ಚಿಪ್‌ನ ಗುಣದೋಷದ ಚರ್ಚೆ ಬಹುಪಾಲು ಸುತ್ತಿದ್ದು ಈ ಏರ್ಪಾಡಿನ ಸುತ್ತಲೇ. ಅಪಾಯ ಹೊತ್ತವರು ಅದನ್ನು ಮೈಯೊಳಗೇ ಹೊರಬೇಕಿತ್ತು. ಪ್ರಯೋಜನ ಮಾತ್ರ ಹೊರಗಿನವರ ಕೈಯಲ್ಲಿತ್ತು.

ಸಾಕುಪ್ರಾಣಿಗಳಿಗೆ ಇಂಥ ಚಿಪ್ ಹಾಕುವುದು ಆಗಲೇ ರೂಢಿಯಲ್ಲಿತ್ತು. 1998ರಲ್ಲಿ ಬ್ರಿಟನ್ನಿನ ರೀಡಿಂಗ್ ವಿಶ್ವವಿದ್ಯಾಲಯದ ಕೆವಿನ್ ವಾರ್ವಿಕ್ ತಮ್ಮ ತೋಳಿಗೇ ಒಂದು ಚಿಪ್ ಹಾಕಿಸಿಕೊಂಡು, ತಾವು ಬಂದಾಗ ಬಾಗಿಲು ತೆರೆದು ದೀಪ ಹೊತ್ತುವಂತೆ ಮಾಡಿದರು. 2001ರ ಸೆಪ್ಟೆಂಬರ್ ದಾಳಿಯ ಹೊತ್ತಿಗೆ ನ್ಯೂಯಾರ್ಕಿನ ಅಗ್ನಿಶಾಮಕ ಸಿಬ್ಬಂದಿ, ಸತ್ತರೆ ಗುರುತು ಸಿಗಲೆಂದು ತಮ್ಮ ಬಿಲ್ಲೆಯ ಸಂಖ್ಯೆಯನ್ನು ಮೈಮೇಲೆ ಬರೆದುಕೊಂಡರು. ಇದನ್ನು ಕಂಡ ಶಸ್ತ್ರವೈದ್ಯ ರಿಚರ್ಡ್ ಸೀಲಿಗ್ ವೆರಿಚಿಪ್ ಅನ್ನು ಸ್ವತಃ ಚುಚ್ಚಿಕೊಂಡರು.

ಒಪ್ಪಿಗೆ ಕೊಡುವಾಗಲೇ ಎಫ್‌ಡಿಎ ಅಪಾಯಗಳನ್ನೂ ಹೆಸರಿಸಿತ್ತು: ಸುತ್ತಲಿನ ಅಂಗಾಂಶ ಕೆರಳಬಹುದು, ಚಿಪ್ ಇದ್ದ ಜಾಗದಿಂದ ಸರಿಯಬಹುದು, ಎಂಆರ್‌ಐ ಯಂತ್ರದಲ್ಲಿ ತೊಂದರೆಯಾಗಬಹುದು, ಮಾಹಿತಿ ಸೋರಬಹುದು. ಎಫ್‌ಡಿಎ ಯಾರ ಇಲಾಖೆಗೆ ಸೇರಿತ್ತೋ ಆ ಹೊತ್ತಿನ ಆರೋಗ್ಯ ಕಾರ್ಯದರ್ಶಿ ಟಾಮಿ ಥಾಂಪ್ಸನ್ ಹುದ್ದೆ ಬಿಟ್ಟ ವರ್ಷವೇ ಅಪ್ಲೈಡ್ ಡಿಜಿಟಲ್‌ನ ಅಂಗಸಂಸ್ಥೆಯಾದ ವೆರಿಚಿಪ್ ಕಂಪನಿಯ ನಿರ್ದೇಶಕರಾದದ್ದು ಜನರ ಸಂಶಯಕ್ಕೆ ಎಡೆಮಾಡಿತು. ಬಾರ್ಸಿಲೋನಾದ ಒಂದು ನೈಟ್‌ಕ್ಲಬ್ ಗಣ್ಯ ಗಿರಾಕಿಗಳ ಗುರುತಿಗೂ ಲೆಕ್ಕಕ್ಕೂ ಇದೇ ಚಿಪ್ ಬಳಸಿದ್ದರಿಂದ ವೈದ್ಯಕೀಯ ಸಾಧನವೆಂಬ ಅದರ ಗಾಂಭೀರ್ಯವೂ ತಗ್ಗಿತು.

ಪ್ರಜ್ಞೆ ತಪ್ಪಿ ಬಂದ ರೋಗಿ, ಹೆಸರು ಮರೆತ ಅಲ್ಝೈಮರ್ ವೃದ್ಧರು – ಇವರ ವಿಷಯದಲ್ಲಿ ಪ್ರಯೋಜನ ನಿಜವೇ. ಆದರೆ ರೋಗಿ ಹೋಗಿ ಸೇರಿದ ಆಸ್ಪತ್ರೆಯಲ್ಲಿ ಸ್ಕ್ಯಾನರ್ ಇರಬೇಕು, ತೋಳು ಪರೀಕ್ಷಿಸಬೇಕೆಂಬುದು ಅಲ್ಲಿನವರಿಗೆ ಹೊಳೆಯಬೇಕು, ದಾಖಲೆಯನ್ನು ಯಾರಾದರೂ ಕಾಲಕಾಲಕ್ಕೆ ತಿದ್ದಿರಬೇಕು. ಇವುಗಳಲ್ಲಿ ಒಂದು ತಪ್ಪಿದರೂ ಚಿಪ್ ಇದ್ದೂ ಇಲ್ಲದಂತೆ. ಕಾಯಿಲೆಯ ವಿವರ ಬರೆದು ಕೈಗೆ ಕಟ್ಟುವ ಬಿಲ್ಲೆಯನ್ನು ಓದಲು ಕಣ್ಣು ಸಾಕು.

ಬಾಸ್ಟನ್ನಿನ ತುರ್ತುಚಿಕಿತ್ಸಾ ವೈದ್ಯ ಜಾನ್ ಹಲಮ್ಕಾ ತಾವೇ ಚಿಪ್ ಹಾಕಿಸಿಕೊಂಡವರು. 2006ರಲ್ಲಿ ಅವರ ಜೊತೆಗೂಡಿ ಪ್ರಬಂಧ ಬರೆದ ಜೊನಾಥನ್ ವೆಸ್ಟ್‌ಹ್ಯೂಸ್, ವೆರಿಚಿಪ್ ಅನ್ನು ಸುಲಭವಾಗಿ ನಕಲು ಮಾಡಬಹುದೆಂದು ತೋರಿಸಿಕೊಟ್ಟಿದ್ದರು. ಪ್ರಬಂಧದ ತೀರ್ಮಾನ ಮೊದಲ ಓದಿಗೆ ವಿಚಿತ್ರವೆನಿಸುತ್ತದೆ: ನಕಲು ಸುಲಭವಾಗಿರುವುದೇ ಒಳ್ಳೆಯದು. ಯಾಕೆಂದರೆ ನಕಲಿಗೆ ಸಿಗದ ಚಿಪ್ ಬೇಕಾದ ಕಳ್ಳ ತೋಳನ್ನೇ ಕೊಯ್ಯಲು ನೋಡಬಹುದು. ಹಾಗಾಗಿ ಇದು ರೋಗಿಯ ಗುರುತಿಗೆ ಇರಲಿ, ಬೀಗದ ಕೈಯಾಗುವುದು ಬೇಡ ಎಂಬುದು ಅವರ ವಾದ. ವೆರಿಚಿಪ್ ಬಗ್ಗೆ ನಡೆದ ಚರ್ಚೆಯಲ್ಲಿ ಇಷ್ಟು ಖಚಿತವಾದ ಮಾತು ಇನ್ನೊಂದಿಲ್ಲ.

ದೊಡ್ಡ ಪೆಟ್ಟು ಬಿದ್ದದ್ದು 2007ರಲ್ಲಿ. ಚಿಪ್ ಹಾಕಿದ ಇಲಿಗಳಲ್ಲಿ ಅದರ ಸುತ್ತ ಕ್ಯಾನ್ಸರ್ ಗಡ್ಡೆಗಳು ಬೆಳೆದಿದ್ದ ಹಳೆಯ ಅಧ್ಯಯನಗಳನ್ನು ಅಸೋಸಿಯೇಟೆಡ್ ಪ್ರೆಸ್ ವರದಿ ಮಾಡಿತು. ಮೈಯೊಳಗೆ ಏನು ಸೇರಿಸಿದರೂ ಇಲಿಗಳಲ್ಲಿ ಇಂಥ ಗಡ್ಡೆ ಬರುವುದುಂಟು, ಮನುಷ್ಯರಿಗೆ ಅದನ್ನು ನೇರವಾಗಿ ಅನ್ವಯಿಸಲಾಗದು. ಆದರೂ ಚಿಪ್ ಮೇಲಿನ ನಂಬಿಕೆ ಚೇತರಿಸಿಕೊಳ್ಳಲಿಲ್ಲ. ಆಗ ಜಗತ್ತಿನಾದ್ಯಂತ ಇದನ್ನು ಹಾಕಿಸಿಕೊಂಡಿದ್ದವರು ಸುಮಾರು 2,000 ಮಂದಿ. ಬಲವಂತವಾಗಿ ಚಿಪ್ ಹಾಕುವುದನ್ನು ವಿಸ್ಕಾನ್ಸಿನ್ ರಾಜ್ಯ 2006ರಲ್ಲಿಯೇ ನಿಷೇಧಿಸಿತ್ತು. ಉತ್ತರ ಡಕೋಟಾ ಮತ್ತು ಕ್ಯಾಲಿಫೋರ್ನಿಯಾ ಮರುವರ್ಷ ಅದೇ ದಾರಿ ಹಿಡಿದವು.

ಚಿಕಿತ್ಸೆಯನ್ನೇ ನೀಡುವ ಸಾಧನಗಳ ಲೆಕ್ಕ ಬೇರೆ. ಪೇಸ್‌ಮೇಕರ್ ಇಲ್ಲದೆ ಬದುಕದ ರೋಗಿ ಸಣ್ಣಪುಟ್ಟ ಅಪಾಯವನ್ನು ಒಪ್ಪಿಕೊಳ್ಳುತ್ತಾನೆ. 2017ರಲ್ಲಿ ಅಮೆರಿಕದ ಸುಮಾರು 4,65,000 ಪೇಸ್‌ಮೇಕರ್‌ಗಳ ತಂತ್ರಾಂಶದಲ್ಲಿ ಭದ್ರತಾ ಲೋಪ ಕಂಡಾಗ ಅವನ್ನು ಯಾರೂ ಕಿತ್ತುಹಾಕಲಿಲ್ಲ. ರೋಗಿಗಳನ್ನು ಆಸ್ಪತ್ರೆಗೆ ಕರೆಸಿ ತಂತ್ರಾಂಶ ಸರಿಪಡಿಸುವ ಏರ್ಪಾಡಾಯಿತು. ಆದರೆ ಹೊರಗಿನವರ ಮೇಲಿನ ಅವಲಂಬನೆ ಇಲ್ಲೂ ತಪ್ಪಿದ್ದಲ್ಲ. ಅಂಧರಿಗೆ ಮಸುಕು ನೋಟ ಕೊಡುತ್ತಿದ್ದ ಆರ್ಗಸ್-2 ಕಣ್ಣಿನ ಸಾಧನವನ್ನು 350ಕ್ಕೂ ಹೆಚ್ಚು ಜನ ಹಾಕಿಸಿಕೊಂಡಿದ್ದರು. ತಯಾರಕ ಸೆಕೆಂಡ್ ಸೈಟ್ ಕಂಪನಿ 2020ರಲ್ಲಿ ಹೆಚ್ಚಿನ ಸಿಬ್ಬಂದಿಯನ್ನು ಮನೆಗೆ ಕಳಿಸಿದ ಮೇಲೆ, ಕೆಟ್ಟರೆ ರಿಪೇರಿ ಮಾಡಿಕೊಡುವವರೇ ಅವರಿಗೆ ಸಿಗದಾದರು.