ನಾಲ್ಕು ಬೋಲ್ಟುಗಳ ಚರಿತ್ರೆ

ಹಳೆಯ ವಾಹನಗಳ ಚರಿತ್ರೆಯನ್ನು ಬರೆಯುವವರು ಅವು ಓಡಿದ ದಾರಿಗಳನ್ನು ವರ್ಣಿಸುತ್ತಾರೆ. ಕೆಟ್ಟು ನಿಂತ ಜಾಗಗಳನ್ನು ಹೇಳುವುದು ಕಡಿಮೆ. ಆದರೆ ಯಂತ್ರಕ್ಕೂ ಅದರ ಒಡೆಯನಿಗೂ ಇರುವ ಸಂಬಂಧ ಎಂಥದೆಂದು ತಿಳಿಯುವುದು ಅದು ಕೆಟ್ಟು ನಿಂತಾಗಲೇ. ಜರ್ಮನಿಯ ಫೋಕ್ಸ್‌ವ್ಯಾಗನ್ ವ್ಯಾನು ಇದಕ್ಕೊಂದು ಒಳ್ಳೆಯ ನಿದರ್ಶನ. ಅದನ್ನು ಇಂದಿಗೂ ಉಳಿಸಿಕೊಂಡವರಲ್ಲಿ ಹಲವರು ಎಂಜಿನ್ನನ್ನು ಮನೆಯಂಗಳದಲ್ಲೇ ಕೆಳಗಿಳಿಸಿ, ಶುಚಿಮಾಡಿ, ಮತ್ತೆ ಏರಿಸುತ್ತಾರೆ. ಸಾಮಾನ್ಯರಿಗೆ ಈ ಕೆಲಸ ಹೇಗೆ ಸಾಧ್ಯವಾಯಿತು ಎಂಬುದನ್ನು ನಾವಿಲ್ಲಿ ನೋಡಬಯಸುತ್ತೇವೆ.

ಇದರ ಬೇರು 1930ರ ದಶಕದ ಜರ್ಮನಿಯಲ್ಲಿದೆ. ಆ ಬೇರು ನಿಷ್ಕಳಂಕವಾದುದಲ್ಲ. ಫರ್ಡಿನೆಂಡ್ ಪೋರ್ಷೆ ರೂಪಿಸಿದ ‘ಜನತೆಯ ಕಾರು’ ಹಿಟ್ಲರನ ಆಡಳಿತಕ್ಕೆ ಪ್ರಚಾರದ ಸರಕಾಗಿತ್ತು. ಮೂರು ಲಕ್ಷಕ್ಕೂ ಹೆಚ್ಚು ಜನ ಉಳಿತಾಯದ ಚೀಟಿಗಳನ್ನು ಅಂಟಿಸಿ ಹಣ ಕಟ್ಟಿದರು. ಒಬ್ಬರಿಗೂ ಆಗ ಕಾರು ದೊರೆಯಲಿಲ್ಲ. ಯುದ್ಧಕಾಲದಲ್ಲಿ ಅದೇ ಕಾರ್ಖಾನೆಯಲ್ಲಿ ಸೆರೆಯಾಳುಗಳನ್ನು ಬಲವಂತವಾಗಿ ದುಡಿಸಲಾಯಿತು. ಆದರೂ ಎಂಜಿನ್ನಿನ ರಚನೆಯಲ್ಲಿ ಒಂದು ವಿವೇಕವಿತ್ತು. ಸಾಮಾನ್ಯನಿಗೆ ಕಾರು ನಿಲ್ಲಿಸಲು ಕೊಠಡಿ ಇರುವುದಿಲ್ಲ. ಬಯಲಲ್ಲಿ ನಿಂತ ಕಾರಿನ ರೇಡಿಯೇಟರಿನ ನೀರು ಚಳಿಗೆ ಹೆಪ್ಪುಗಟ್ಟುತ್ತದೆ. ಆದ್ದರಿಂದ ಗಾಳಿಯಿಂದಲೇ ತಂಪಾಗುವ, ಸಿಲಿಂಡರುಗಳು ಎಡಬಲಕ್ಕೆ ಎರಡೆರಡಾಗಿ ಮಲಗಿದ ಪುಟ್ಟ ಎಂಜಿನ್ನನ್ನು ಹಿಂಬದಿಯಲ್ಲಿಟ್ಟರು. ರೇಡಿಯೇಟರೂ ಇಲ್ಲ, ನೀರಿನ ಕೊಳವೆಗಳೂ ಇಲ್ಲ. ಬಿಚ್ಚುವವನ ಕೆಲಸ ಅಲ್ಲಿಗೇ ಎಷ್ಟೋ ಹಗುರವಾಯಿತು.

ಯುದ್ಧಾನಂತರ ಕಾರ್ಖಾನೆ ಬ್ರಿಟಿಷ್ ಸೇನೆಯ ಮೇಜರ್ ಐವನ್ ಹರ್ಸ್ಟ್ ಅವರ ಉಸ್ತುವಾರಿಗೆ ಬಂತು. ಅಲ್ಲಿ ಸಾಮಾನು ಸಾಗಿಸಲು ಕಾರಿನ ಬಿಡಿಭಾಗಗಳಿಂದಲೇ ಕಟ್ಟಿಕೊಂಡಿದ್ದ ಬಂಡಿಯನ್ನು ಡಚ್ ವ್ಯಾಪಾರಿ ಬೆನ್ ಪೋನ್ ಕಂಡರು. 1947ರ ಏಪ್ರಿಲ್ 23ರಂದು ತಮ್ಮ ಟಿಪ್ಪಣಿ ಪುಸ್ತಕದಲ್ಲಿ ಚಕ್ರಗಳ ಮೇಲೊಂದು ಪೆಟ್ಟಿಗೆಯನ್ನು ಗೀಚಿದರು: ಮುಂದೆ ಚಾಲಕ, ಹಿಂದೆ ಎಂಜಿನ್, ನಡುವೆ ಹೊರೆ. 1950ರ ಮಾರ್ಚಿನಲ್ಲಿ ಆ ಪೆಟ್ಟಿಗೆ ವ್ಯಾನಾಗಿ ತಯಾರಾಗತೊಡಗಿತು. 1131 ಸಿಸಿಯ ಆ ಎಂಜಿನ್ನಿನ ಶಕ್ತಿ ಕೇವಲ 25 ಅಶ್ವಶಕ್ತಿ.

ಇನ್ನು ಅಂಗಳದ ಕೆಲಸ. ಎಂಜಿನ್ನನ್ನು ಗೇರ್‌ಪೆಟ್ಟಿಗೆಗೆ ಬಿಗಿದಿರುವುದು ನಾಲ್ಕೇ ಬೋಲ್ಟುಗಳು. ನಂತರದ ವ್ಯಾನುಗಳಲ್ಲಿ ಹಿಂಬದಿಗೆ ಆಧಾರದ ಅಡ್ಡಪಟ್ಟಿಯೂ ಉಂಟು. ಮೊದಲು ಬ್ಯಾಟರಿಯ ತಂತಿ ಕಳಚಬೇಕು. ಅನಂತರ ಪೆಟ್ರೋಲಿನ ಕೊಳವೆಯನ್ನು ಬಿಗಿಯಾಗಿ ಕಟ್ಟಬೇಕು; ವ್ಯಾನಿನಲ್ಲಿ ಟ್ಯಾಂಕು ಎತ್ತರದಲ್ಲಿರುವುದರಿಂದ ಮರೆತರೆ ಪೆಟ್ರೋಲು ತಾನಾಗಿ ಸುರಿಯುತ್ತದೆ. ಎಂಜಿನ್ನಿನ ಕವಚ ಮೆಗ್ನೀಶಿಯಮ್ ಮಿಶ್ರಲೋಹದ್ದು. ಅದು ಹೊತ್ತಿಕೊಂಡರೆ ನೀರು ಸುರಿದಷ್ಟೂ ಉರಿ ಹೆಚ್ಚುತ್ತದೆ. ಬಳಿಕ ವಿದ್ಯುತ್ ತಂತಿಗಳು, ಆಕ್ಸಿಲರೇಟರ್ ಕೇಬಲ್ಲು, ಬಿಸಿಗಾಳಿಯ ಕೊಳವೆಗಳು. ಮೇಲಿನ ಬೋಲ್ಟುಗಳಿಗೆ ಹಳೆಯ ವ್ಯಾನುಗಳಲ್ಲಿ ಇಬ್ಬರು ಬೇಕು: ಒಬ್ಬರು ಮೇಲಿಂದ ಹಿಡಿದರೆ ಇನ್ನೊಬ್ಬರು ಕೆಳಗೆ ಮಲಗಿ ತಿರುಗಿಸುತ್ತಾರೆ. ಸುಮಾರು 100 ಕಿಲೋ ತೂಗುವ ಎಂಜಿನ್ನಿಗೆ ಜಾಕ್ ಕೊಟ್ಟು, ಮೊದಲು ನೇರವಾಗಿ ಹಿಂದಕ್ಕೆಳೆದು, ಕ್ಲಚ್ಚಿನೊಳಗಿನ ದಂಡ ಪೂರ್ತಿ ಬಿಡಿಸಿಕೊಂಡ ಮೇಲಷ್ಟೇ ಇಳಿಸಬೇಕು.

ಇಳಿಸಿದ ಎಂಜಿನ್ ತನ್ನ ಕಥೆಯನ್ನು ತಾನೇ ಹೇಳುತ್ತದೆ. ಗಾಳಿ ಹಾಯಬೇಕಾದ ಲೋಹದ ರೆಕ್ಕೆಗಳ ನಡುವೆ ಎಣ್ಣೆಜಿಡ್ಡು, ಧೂಳು, ಕೆಲವೊಮ್ಮೆ ಇಲಿಯ ಗೂಡು. ಹಳೆಯ ರಚನೆಯಲ್ಲಿ ಮೂರನೆಯ ಸಿಲಿಂಡರಿಗೆ ಬರುವ ಗಾಳಿಗೆ ಆಯಿಲ್ ಕೂಲರ್ ಅಡ್ಡವಿದ್ದು, ಅದು ಉಳಿದವಕ್ಕಿಂತ ಹೆಚ್ಚು ಕಾಯುತ್ತದೆ. ವಾಲ್ವು ತುಂಡಾಗುವುದೂ ಹೆಚ್ಚಾಗಿ ಅಲ್ಲಿಯೇ. ನಂತರದ ಎಂಜಿನ್ನುಗಳಲ್ಲಿ ವಾಲ್ವಿನ ತೆರಪು 0.15 ಮಿಲಿಮೀಟರ್, ಎಂಜಿನ್ ತಣ್ಣಗಿರುವಾಗಲೇ ಅಳೆಯಬೇಕು. ಕ್ಲಚ್ ಪ್ಲೇಟು, ಆಯಿಲ್ ಸೀಲು ಬದಲಿಸಿ ಮತ್ತೆ ಕೂರಿಸುವಾಗ ಸುತ್ತಲಿನ ರಬ್ಬರ್ ಪಟ್ಟಿಯನ್ನು ಕಡೆಗಣಿಸಿದರೆ ಕೆಳಗಿನ ಬಿಸಿಗಾಳಿಯನ್ನೇ ಎಂಜಿನ್ ಮತ್ತೆ ಒಳಗೆಳೆದುಕೊಳ್ಳುತ್ತದೆ. ಅಗ್ಗದ ಪಟ್ಟಿಯೊಂದರ ಅಸಡ್ಡೆಗೆ ಎಂಜಿನ್ನೇ ಬಲಿಯಾಗಬಹುದು.

ಈ ವಿದ್ಯೆ ಕಾರ್ಖಾನೆಯವರ ಬಳಿಯೇ ಉಳಿಯಲಿಲ್ಲ. ವಿಮಾನ ಕಂಪನಿಯ ಕೆಲಸ ಬಿಟ್ಟುಬಂದಿದ್ದ ಎಂಜಿನಿಯರ್ ಜಾನ್ ಮ್ಯೂರ್, 1969ರಲ್ಲಿ ಅಮೆರಿಕದಲ್ಲಿ ‘ಹೌ ಟು ಕೀಪ್ ಯುವರ್ ಫೋಕ್ಸ್‌ವ್ಯಾಗನ್ ಅಲೈವ್’ ಎಂಬ ಕೈಪಿಡಿಯನ್ನು ಹೊರತಂದರು. ಸ್ಪ್ಯಾನರು ಹಿಡಿದೇ ಅರಿಯದವರಿಗೆಂದು ಬರೆದ ಪುಸ್ತಕವದು. ಪೀಟರ್ ಆಶ್ವಾಂಡನ್ ಅವರ ಚಿತ್ರಗಳು ಅದರ ಅರ್ಧ ಜೀವ. ಅದೇ ಕಾಲಕ್ಕೆ ಇಸ್ತಾಂಬುಲ್, ತೆಹರಾನ್, ಕಾಬೂಲ್ ದಾಟಿ ದೆಹಲಿಗೆ, ಗೋವಾಕ್ಕೆ ಯುವಜನರು ಇಂಥ ವ್ಯಾನುಗಳಲ್ಲಿ ಬರುತ್ತಿದ್ದರು. ಸಾವಿರಾರು ಮೈಲಿಯ ಆ ದಾರಿಯಲ್ಲಿ ತಮ್ಮ ಎಂಜಿನ್ನನ್ನು ತಾವೇ ಅರಿತಿರುವುದು ಹವ್ಯಾಸವಲ್ಲ, ಊರು ಸೇರುವ ಉಪಾಯ. 1979ರ ಇರಾನ್ ಕ್ರಾಂತಿ, ಅಫ್ಘಾನಿಸ್ತಾನಕ್ಕೆ ಸೋವಿಯತ್ ಸೇನೆಯ ಪ್ರವೇಶ ಇವೆರಡೂ ಆ ದಾರಿಯನ್ನು ಮುಚ್ಚಿದವು.

ಗಾಳಿಯಿಂದ ತಂಪಾಗುವ ಎಂಜಿನ್ನೂ ಮರೆಯಾಯಿತು. ಬ್ರೆಜಿಲ್‌ನಲ್ಲಿ 2005ರವರೆಗೆ ಉಳಿದಿತ್ತು. ವ್ಯಾನಿನ ತಯಾರಿಕೆ ಅಲ್ಲಿ 2013ರಲ್ಲಿ ಕೊನೆಗೊಂಡಿತು, ಏಕೆಂದರೆ ಏರ್‌ಬ್ಯಾಗಿನಂಥ ಸುರಕ್ಷತಾ ನಿಯಮಗಳಿಗೆ ಅದು ಒಗ್ಗಲಿಲ್ಲ. ಇದು ಸರಿಯಾದ ಕಾರಣವೇ. ಚಾಲಕನ ಮೊಣಕಾಲಿನ ಮುಂದೆ ತೆಳು ತಗಡು ಬಿಟ್ಟರೆ ಹೆಚ್ಚೇನೂ ಇಲ್ಲದ ವಾಹನವನ್ನು ಹಳೆಯದೆಂಬ ಮಾತ್ರಕ್ಕೆ ಹೊಗಳಲು ನಾವು ಸಿದ್ಧರಿಲ್ಲ.

ಆದರೆ ಸುರಕ್ಷತೆಯ ಜೊತೆಗೆ ಇನ್ನೊಂದೂ ಬದಲಾಯಿತು: ಬಿಚ್ಚಿ ನೋಡುವ ಅಧಿಕಾರ. ಇಂದು ಕೈಯಲ್ಲಿರುವ ಫೋನಿನ ಬ್ಯಾಟರಿಯನ್ನೂ ನಾವು ತೆಗೆಯಲಾರೆವು. ನಮ್ಮ ಕೇಂದ್ರ ಸರ್ಕಾರವೇ 2022ರ ಜುಲೈನಲ್ಲಿ ‘ದುರಸ್ತಿಯ ಹಕ್ಕಿ’ನ ಚೌಕಟ್ಟು ರೂಪಿಸಲು ಸಮಿತಿಯೊಂದನ್ನು ನೇಮಿಸಬೇಕಾಯಿತು, ಅದರ ವ್ಯಾಪ್ತಿಯಲ್ಲಿ ವಾಹನಗಳೂ ಇದ್ದವು. ಅಂಗಳದಲ್ಲಿ ಎಂಜಿನ್ ಇಳಿಸುವವನ ಜಾಣ್ಮೆಗೆ ಮೊದಲೇ, ಅದನ್ನು ನಾಲ್ಕು ಬೋಲ್ಟುಗಳಿಂದ ಬಿಗಿದರೆ ಸಾಕೆಂದು ಬೇರೆಲ್ಲೋ ಯಾರೋ ನಿರ್ಧರಿಸಿರಬೇಕು. ಆ ನಿರ್ಧಾರ ಯಾರ ಹಿತಕ್ಕಾಗಿ ಎಂದು ಪ್ರತಿ ಕಾಲವೂ ಕೇಳಬೇಕಾಗಿದೆ. ನಮ್ಮ ಕಾಲವೂ ಇದಕ್ಕೆ ಹೊರತಲ್ಲ.