ಆಟದವರ ವ್ಯಾಕರಣ

ವ್ಯಾಕರಣವನ್ನು ಕುರಿತು ಬರೆಯುವ ಅಧಿಕಾರ ನಮಗಿಲ್ಲ. ನಾವು ಓದಿದ್ದು ಬಿ.ಕಾಂ.; ಮಾಡುವುದು ಬ್ಯಾಂಕಿನ ಗುಮಾಸ್ತಿಕೆ. ಸಂಜೆ ಜಮಾ ಖರ್ಚು ತಾಳೆಯಾಗದಿದ್ದರೆ ಮನೆಗೆ ಹೊರಡುವಂತಿಲ್ಲವೆಂಬುದೇ ನಾವು ಬಲ್ಲ ದೊಡ್ಡ ವ್ಯಾಕರಣ. ಆದರೂ ಈ ವರ್ಷದ ಸ್ಮರಣ ಸಂಚಿಕೆಗೆ ಏನಾದರೂ ಬರೆಯಿರೆಂದು ಸಂಘದ ಹಿರಿಯರು ಅಪ್ಪಣೆ ಮಾಡಿದಾಗ, ಪುಣೆಯ ನಮ್ಮ ಮನೆಯಲ್ಲಿ ಕಿವಿಗೆ ಬಿದ್ದ ಒಂದು ಮಾತು ನೆನಪಾಯಿತು. ಅದರ ಬೆನ್ನು ಹತ್ತಿ ಹೋದಾಗ ತಿಳಿದುದನ್ನು ವಾಚಕರ ಮುಂದಿಡುತ್ತೇವೆ.

ಕಳೆದ ದೀಪಾವಳಿಯ ರಜೆಯಲ್ಲಿ ಹತ್ತು ವರ್ಷದ ನಮ್ಮ ಮಗ ಮೊಬೈಲಿನಲ್ಲಿ ಆಡುತ್ತ ಕುಳಿತಿದ್ದ. ಜೊತೆಗಾರ ಹುಬ್ಬಳ್ಳಿಯಲ್ಲಿರುವ ಅವನ ಸೋದರತ್ತೆಯ ಮಗ. ಇಬ್ಬರೂ ಕಿವಿಗೆ ಯಂತ್ರ ಸಿಕ್ಕಿಸಿಕೊಂಡು, ಇಲ್ಲೊಬ್ಬ ಅಲ್ಲೊಬ್ಬ ಕೂತು, ಒಂದೇ ಕಾಳಗದಲ್ಲಿ ಓಡಾಡುವ ಆಟವದು. ಇದ್ದಕ್ಕಿದ್ದಂತೆ ನಮ್ಮವನು ಕೂಗಿದ: “ನೂಬ್‌ತನ ಮಾಡಬ್ಯಾಡಲೇ! ಅಂವ ಮರದ ಹಿಂದ ಕ್ಯಾಂಪಿಸ್ಲಿಕತ್ತಾನ!” ನಾವು ಗದರಿದೆವು: “ಇದ್ಯಾವ ಭಾಷಾ? ಕನ್ನಡ ಆಡಿದ್ರ ನೆಟ್ಟಗ ಆಡು.” ಅವನು ಆಟದಿಂದ ಕಣ್ಣು ಕೀಳದೆ, “ಪಪ್ಪಾ, ಕನ್ನಡಾನ ಮಾತಾಡ್ಲಿಕತ್ತೇನಲ್ಲಾ!” ಎಂದ.

ಈ ಉತ್ತರ ನಮ್ಮನ್ನು ಯೋಚನೆಗೆ ಹಚ್ಚಿತು. ಆಟದವರ ಈ ಮಾತು ಎಲ್ಲಿಂದ ಬಂತು?

ದೂರದೂರದವರು ಕಂಪ್ಯೂಟರಿನ ಮೂಲಕ ಕೂಡಿ ಆಡುವ ಆಟಗಳಲ್ಲಿ ಬಹಳ ಹಳೆಯದೊಂದು 1978ರಲ್ಲಿ ಇಂಗ್ಲೆಂಡಿನ ಎಸೆಕ್ಸ್ ವಿಶ್ವವಿದ್ಯಾಲಯದಲ್ಲಿ ಹುಟ್ಟಿತು. ರಾಯ್ ಟ್ರಬ್‌ಷಾ ಎಂಬ ವಿದ್ಯಾರ್ಥಿ ಆರಂಭಿಸಿ, ರಿಚರ್ಡ್ ಬಾರ್ಟಲ್ ಬೆಳೆಸಿದ ಆ ಆಟದ ಹೆಸರು ಮಡ್. ಅದರಲ್ಲಿ ಚಿತ್ರವಿರಲಿಲ್ಲ, ಧ್ವನಿಯಿರಲಿಲ್ಲ, ಎಲ್ಲವೂ ಅಕ್ಷರ. ಕತ್ತಿ ಬೀಸುವುದನ್ನೂ ಬೆರಳಿನಿಂದ ಟೈಪು ಮಾಡಬೇಕು, ಗೆಳೆಯನನ್ನು ಕರೆಯುವುದನ್ನೂ ಟೈಪು ಮಾಡಬೇಕು. ವೈರಿ ಎದುರಿಗಿರುವಾಗ ಪೂರ್ಣ ವಾಕ್ಯ ಬರೆಯುತ್ತ ಕುಳಿತವನು ಸತ್ತಂತೆಯೇ ಸರಿ. ಆದುದರಿಂದ ಇಂಥ ಆಟಗಳಲ್ಲಿ ಮಾತು ಮೋಟಾಯಿತು. ಅವಸರದ ತಪ್ಪುಗಳು ತಿದ್ದಿಸಿಕೊಳ್ಳದೆ ಉಳಿದವು.

1980ರ ದಶಕದಲ್ಲಿ ಕಂಪ್ಯೂಟರ್ ಹುಚ್ಚಿನ ತರುಣರು ಇನ್ನೊಂದು ಚೇಷ್ಟೆ ಆರಂಭಿಸಿದರು. ಇಂಗ್ಲಿಷ್ ಅಕ್ಷರಗಳ ಬದಲು ಅವುಗಳನ್ನು ಹೋಲುವ ಅಂಕಿಗಳನ್ನು ಬರೆಯುವುದು: ‘ಇ’ಗೆ 3, ‘ಟಿ’ಗೆ 7, ‘ಎಲ್’ಗೆ 1. ಗಣ್ಯರು ಎಂಬರ್ಥದ ‘ಇಲೀಟ್’ ಶಬ್ದ ‘ಲೀಟ್’ ಆಗಿ, ಕೊನೆಗೆ 1337 ಎಂಬ ಬರಿಯ ಸಂಖ್ಯೆಯಾಯಿತು. ಲೆಡ್ಜರಿನಲ್ಲಿ ಇಂಥದನ್ನು ಕಂಡಿದ್ದರೆ ನಾವು ಖಾತೆಯ ನಂಬರೆಂದೇ ತಿಳಿಯುತ್ತಿದ್ದೆವು!

1993ರಲ್ಲಿ ‘ಡೂಮ್’, 1996ರಲ್ಲಿ ‘ಕ್ವೇಕ್’, 1998ರಲ್ಲಿ ‘ಸ್ಟಾರ್‌ಕ್ರಾಫ್ಟ್’ ಎಂಬ ಆಟಗಳು ಬಂದವು. ಇಂಥ ಆಟಗಳೊಡನೆ ಈ ಚೇಷ್ಟೆಯ ಭಾಷೆಯೂ ಮನೆಮನೆಗೆ ಹರಡಿತು. ಎದುರಾಳಿಯನ್ನು ಸಂಪೂರ್ಣ ಸೋಲಿಸಿದವನು ‘ಓನ್’ ಮಾಡಿದೆ, ಅಂದರೆ ಅವನು ಇನ್ನು ನನ್ನ ಸೊತ್ತು, ಎನ್ನುತ್ತಿದ್ದ. ಕೀಲಿಮಣೆಯ ಮೇಲೆ ‘ಓ’ ಮತ್ತು ‘ಪಿ’ ನೆರೆಹೊರೆಯ ಅಕ್ಷರಗಳು. ಬೆರಳು ಜಾರಿದರೆ ‘ಓನ್’ ಹೋಗಿ ‘ಪೋನ್’ ಆಗುತ್ತದೆ. ಆ ತಪ್ಪೇ ಎಲ್ಲರಿಗೂ ಹಿಡಿಸಿತು. ಹಾಗೆಯೇ ‘ದಿ’ ಎಂಬ ಪುಟ್ಟ ಪದದ ಅಕ್ಷರಗಳು ಹಿಂದುಮುಂದಾಗಿ ‘ಟೆಹ್’ ಆಯಿತು.

ಇಲ್ಲಿ ಒಂದು ಸ್ವಾರಸ್ಯವಿದೆ. ಮುರಿದ ಈ ಭಾಷೆ ಮನಬಂದಂತೆ ಮುರಿದುದಲ್ಲ. ‘ಪೋನ್’ ಎಂಬ ಕ್ರಿಯಾಪದಕ್ಕೆ ‘ಏಜ್’ ಪ್ರತ್ಯಯ ಹಚ್ಚಿ ‘ಪೋನೇಜ್’ ಎಂಬ ನಾಮಪದ ಮಾಡಿದರು. ‘ಹ್ಯಾಕರ್’ ಎಂಬುದರ ಕೊನೆಯನ್ನು ತಿರುಚಿ ‘ಹ್ಯಾಕ್ಸರ್’ ಮಾಡಿ, ಆ ಬಾಲವನ್ನು ಬೇರೆ ಶಬ್ದಗಳಿಗೂ ಅಂಟಿಸಿದರು. ‘ದಿ’ ನಿಲ್ಲಲಾಗದ ಕಡೆಗಳಲ್ಲಿ ಬೇಕೆಂದೇ ‘ಟೆಹ್’ ನಿಲ್ಲಿಸಿ ಮಾತಿಗೆ ಒತ್ತು ಕೊಟ್ಟರು. ‘ದಿ’ ಎಲ್ಲಿ ನಿಲ್ಲಬೇಕೆಂದು ತಿಳಿಯದವನಿಗೆ ಈ ತಮಾಷೆ ಮಾಡಲೂ ಬಾರದು, ಅರ್ಥವೂ ಆಗದು. ನಿಯಮ ಬಲ್ಲವನೇ ನಿಯಮವನ್ನು ಆಟಕ್ಕೆ ಮುರಿಯಬಲ್ಲ.

ನಮ್ಮ ಮಗನ ಮಾತನ್ನು ಈ ಬೆಳಕಿನಲ್ಲಿ ನೋಡಿದೆವು. ‘ನೂಬ್’ ಎಂದರೆ ಆಟದಲ್ಲಿ ಹೊಸಬ, ಅರಿಯದವನು. ಅದಕ್ಕೆ ಅವನು ಹಚ್ಚಿದ್ದು ‘ತನ’. ಬಡತನ, ದೊಡ್ಡತನ, ಹುಡುಗುತನಗಳಲ್ಲಿರುವ ಅದೇ ಪ್ರತ್ಯಯ. ಒಂದೇ ಕಡೆ ಹೊಂಚು ಹಾಕಿ ಕೂರುವುದಕ್ಕೆ ಆಟದವರು ‘ಕ್ಯಾಂಪ್’ ಎನ್ನುತ್ತಾರೆ. ಅದಕ್ಕೆ ‘ಇಸು’ ಹಚ್ಚಿ ‘ಕ್ಯಾಂಪಿಸು’ ಎಂದ. ಸಂಸ್ಕೃತದ ಪ್ರೀತಿಯನ್ನು ‘ಪ್ರೀತಿಸು’ ಎಂದು ನಾವು ಕನ್ನಡ ಕ್ರಿಯಾಪದ ಮಾಡಿಕೊಂಡದ್ದೂ ಹೀಗೆಯೇ ಅಲ್ಲವೇ? ಅದರ ಮೇಲೆ ಧಾರವಾಡ ಸೀಮೆಯ ‘ಲಿಕತ್ತಾನ’ ಬೇರೆ. ಪುಣೆಯಲ್ಲಿ ಹುಟ್ಟಿ ಬೆಳೆದ ಹುಡುಗ ಅಜ್ಜನ ಊರಿನ ಕ್ರಿಯಾರೂಪವನ್ನು ಒಂದು ಅಕ್ಷರವೂ ತಪ್ಪದೆ ಆಡಿದ್ದ. ನಾವು ಅದಕ್ಕೆ ಗದರಿದ್ದೆವು.

ಸುಮಾರು 1260ರಲ್ಲಿ ‘ಶಬ್ದಮಣಿದರ್ಪಣ’ವನ್ನು ಬರೆದ ಕೇಶಿರಾಜನು ಕಟ್ಟುನಿಟ್ಟಿನ ವ್ಯಾಕರಣಕಾರ. ಕನ್ನಡ ಶಬ್ದವನ್ನೂ ಸಂಸ್ಕೃತ ಶಬ್ದವನ್ನೂ ಸಮಾಸದಲ್ಲಿ ಬೆಸೆಯುವುದು ದೋಷ. ಅದು ಅರಿಸಮಾಸ, ಎಂದರೆ ವೈರಿಗಳ ಕೂಟ. ಆದರೂ ಬಿರುದಾವಳಿಗಳಲ್ಲಿ ಮತ್ತು ಹಿಂದಿನ ಸತ್ಕವಿಗಳ ಪ್ರಯೋಗದಲ್ಲಿ ಅದು ಸಲ್ಲುತ್ತದೆಂದು ಅವನೇ ಒಪ್ಪಿದ. ಇಂದು ‘ಮಳೆಗಾಲ’ ಎನ್ನುವಾಗ ಕನ್ನಡದ ಮಳೆಗೂ ಸಂಸ್ಕೃತದ ಕಾಲಕ್ಕೂ ವೈರವಿದೆಯೆಂದು ಯಾರಿಗೂ ತೋರದು.

ಇನ್ನು ಆಟದವರ ಚರಿತ್ರೆಯಲ್ಲಿ ಅತ್ಯಂತ ಪ್ರಸಿದ್ಧವಾದ ತಪ್ಪಿನ ಕಥೆ. ಜಪಾನಿನ ಟೋಆಪ್ಲಾನ್ ಎಂಬ ಕಂಪನಿ 1989ರಲ್ಲಿ ‘ಜೀರೋ ವಿಂಗ್’ ಎಂಬ ಆಕಾಶಯುದ್ಧದ ಆಟವನ್ನು ಹೊರತಂದಿತು. 1991ರಲ್ಲಿ ಅದು ಸೆಗಾ ಕಂಪನಿಯ ಮೆಗಾ ಡ್ರೈವ್ ಎಂಬ ಮನೆಯ ಯಂತ್ರಕ್ಕೆ ಬಂದಾಗ ಆರಂಭದಲ್ಲೊಂದು ಸಣ್ಣ ನಾಟಕ ಸೇರಿಸಿದರು. ಯುರೋಪಿನವರಿಗಾಗಿ ಅದನ್ನು ಇಂಗ್ಲಿಷಿಗೆ ತಂದವರಿಗೆ ಇಂಗ್ಲಿಷ್ ಅಷ್ಟಕ್ಕಷ್ಟೇ. ನಿಮ್ಮ ನೆಲೆಗಳೆಲ್ಲ ನಮ್ಮ ವಶವಾದವು ಎಂದು ಖಳನಾಯಕ ಗರ್ಜಿಸಬೇಕಾದ ಕಡೆ ಬಂದ ಮಾತು: ‘ಆಲ್ ಯುವರ್ ಬೇಸ್ ಆರ್ ಬಿಲಾಂಗ್ ಟು ಅಸ್’. ಏಕವಚನದ ನಾಮಪದ, ಬಹುವಚನದ ಕ್ರಿಯಾಪದ, ಅದರ ಬೆನ್ನಿಗೆ ಪ್ರತ್ಯಯವಿಲ್ಲದ ಇನ್ನೊಂದು ಕ್ರಿಯಾಪದ! ಕನ್ನಡದಲ್ಲಿ ಹೇಳುವುದಾದರೆ, ‘ನಿಮ್ಮ ಎಲ್ಲ ನೆಲೆ ನಮಗೆ ಸೇರು ಇವೆ’ ಎಂದಂತೆ.

ಸುಮಾರು ಹತ್ತು ವರ್ಷಗಳ ನಂತರ, 2001ರ ಆರಂಭದಲ್ಲಿ, ಈ ವಾಕ್ಯಕ್ಕೆ ಹಾಡು ಚಿತ್ರಗಳನ್ನು ಕೂಡಿಸಿದ ಒಂದು ಚಲಚ್ಚಿತ್ರ ಇಂಟರ್ನೆಟ್ಟಿನಲ್ಲಿ ಕಾಡುಗಿಚ್ಚಿನಂತೆ ಹಬ್ಬಿತು. 2006ರ ಜೂನ್ ತಿಂಗಳಲ್ಲಿ ದುರಸ್ತಿಗಾಗಿ ಕೆಲಕಾಲ ನಿಂತ ಯೂಟ್ಯೂಬ್, ‘ಬೇಸ್’ ಇದ್ದಲ್ಲಿ ‘ವಿಡಿಯೋ’ ಇಟ್ಟು ಅದೇ ವಾಕ್ಯವನ್ನು ಬೋರ್ಡಿನಂತೆ ತೂಗುಹಾಕಿತು. 2014ರಲ್ಲಿ ಟೆಸ್ಲಾ ಮೋಟಾರು ಕಂಪನಿಯ ಇಲಾನ್ ಮಸ್ಕ್, ತಮ್ಮ ಪೇಟೆಂಟುಗಳನ್ನು ಇತರರೂ ಬಳಸಬಹುದೆಂದು ಸಾರಿದಾಗ ಅದೇ ಅಚ್ಚಿನಲ್ಲಿ ತಲೆಬರಹ ಕೊಟ್ಟರು. ಅಲ್ಲಿಯೂ ‘ಪೇಟೆಂಟ್’ ಏಕವಚನ, ‘ಆರ್ ಬಿಲಾಂಗ್’ ಹಾಗೆಯೇ. ಆ ತಪ್ಪನ್ನು ಸರಿಯಾಗಿ ಮಾಡಬೇಕು. ಸರಿ ಮಾಡಿದರೆ ತಪ್ಪಾಗುತ್ತದೆ! 2007ರಲ್ಲಿ ಅಮೆರಿಕದ ಮೆರಿಯಂ ವೆಬ್‌ಸ್ಟರ್ ನಿಘಂಟಿನವರು, ಆಟಗಾರರು ಗೆದ್ದಾಗ ಹಾಕುವ ಕೇಕೆಯಾದ ‘ವೂಟ್’ ಅನ್ನು, ನಡುವೆ ಎರಡು ಸೊನ್ನೆಗಳ ಸಮೇತ, ವರ್ಷದ ಪದವೆಂದು ಸಾರಿದರು.

ಹಾಗೆಂದು ಈ ಭಾಷೆಯೆಲ್ಲ ಮುಗ್ಧ ವಿನೋದವೆಂದು ನಾವು ಹೇಳುವುದಿಲ್ಲ. ‘ನೂಬ್’ ಎಂಬ ಮಾತು ಹೊಸಬನನ್ನು ಅಟ್ಟಲೂ ಬಳಕೆಯಾಗುತ್ತದೆ. ‘ಆರ್ ಬಿಲಾಂಗ್’ ಎಂದು ನಕ್ಕವರು ಮೊದಲು ನಕ್ಕದ್ದು ಪರಭಾಷೆಯಲ್ಲಿ ತಡವರಿಸಿದವರನ್ನು ಕಂಡೇ. ಈ ಊರಿಗೆ ಬಂದ ಹೊಸದರಲ್ಲಿ ಕೌಂಟರಿನಲ್ಲಿ ಕುಳಿತು ಮರಾಠಿ ತಪ್ಪಿದಾಗ ಕಿವಿ ಬಿಸಿಯಾದದ್ದು ನಮಗಿನ್ನೂ ನೆನಪಿದೆ.

ಅಷ್ಟು ನೆನಪಿದ್ದೂ ನಾವೇ ಎಸಗಿದ ಒಂದು ತಪ್ಪನ್ನು ಇಲ್ಲಿ ಹೇಳಬೇಕು. ನಮ್ಮ ಮಗಳು ಹಿರಿಯಳು, ಈಗ ಹದಿಮೂರು. ಐದಾರು ವರ್ಷದವಳಿದ್ದಾಗ ಬೇಸಿಗೆಗೆ ಊರಿಗೆ ಹೋಗಿದ್ದೆವು. ಕಾಕಾ ನಾಯಿಯನ್ನು ಹಿಡಿದುಕೊಂಡು ಅಂಗಳಕ್ಕೆ ಬಂದರು. ಮಗು ಹಿಗ್ಗಿನಿಂದ ಒಳಗೆ ಓಡಿಬಂದು, “ಕಾಕಾ ಬಂತು, ನಾಯಿ ಬಂದ್ರು!” ಎಂದಿತು. ಮನೆಯೆಲ್ಲ ನಕ್ಕಿತು, ನಾವೂ ನಕ್ಕೆವು. ಬಂದ ನೆಂಟರಿಗೆಲ್ಲ ಅವಳಿಂದಲೇ ಅದನ್ನು ಹೇಳಿಸಿ ಮತ್ತೆ ನಕ್ಕೆವು. ಮರುವರ್ಷವೂ ಅದೇ ಆಯಿತು. ಆಮೇಲೆ ಅವಳು ಕನ್ನಡ ಆಡುವುದನ್ನೇ ಕಡಿಮೆ ಮಾಡಿದಳು. ಅಜ್ಜಿ ಫೋನಿನಲ್ಲಿ ಕನ್ನಡದಲ್ಲಿ ಕೇಳಿದ್ದಕ್ಕೆ ಹಿಂದಿಯಲ್ಲಿ ಉತ್ತರ, ನಮಗೆ ಮರಾಠಿಯಲ್ಲಿ. ದೊಡ್ಡವಳಾದಂತೆ ಸರಿಹೋಗುತ್ತದೆಂದು ನಾವು ಸಮಾಧಾನ ಮಾಡಿಕೊಂಡೆವು. ಸರಿಹೋಗಲಿಲ್ಲ.

ಆಟದವರೂ ತಪ್ಪಿಗೆ ನಕ್ಕರು, ನಾವೂ ನಕ್ಕೆವು. ಆದರೆ ಅವರು ನಕ್ಕ ಮೇಲೆ ಆ ತಪ್ಪನ್ನು ತಮ್ಮ ಬಾಯಿಗೂ ಹಾಕಿಕೊಂಡರು. ಅದು ಎಲ್ಲರ ಸೊತ್ತಾಯಿತು. ನಾವು ನಕ್ಕು, ತಪ್ಪನ್ನು ಮಗುವಿನ ಹೆಸರಿನಲ್ಲಿಯೇ ಬರೆದಿಟ್ಟೆವು.

ಮೊನ್ನೆ ರವಿವಾರ ಅಕ್ಕನೂ ತಮ್ಮನ ಪಕ್ಕದಲ್ಲಿ ಆಟಕ್ಕೆ ಕುಳಿತಿದ್ದಳು. ಹುಬ್ಬಳ್ಳಿಯ ಹುಡುಗನ ದನಿಯೂ ಕೇಳುತ್ತಿತ್ತು. ವೈರಿಗಳ ಗುಂಪೊಂದು ಗುಡ್ಡವಿಳಿದು ಬಂದಿರಬೇಕು, ಮಗಳು ಥಟ್ಟನೆ, “ನಾಯಿ ಬಂದ್ರು!” ಎಂದು ಕೂಗಿದಳು. ಅತ್ತ ಹುಬ್ಬಳ್ಳಿಯಲ್ಲಿ ನಗು, ಇತ್ತ ತಮ್ಮನ ನಗು, ಅವಳದೂ ನಗು. ಈಗ ಆ ಮೂವರಿಗೂ ವೈರಿ ಕಂಡರೆ ಅದೇ ಸಂಕೇತ. ಅದರ ಹಿಂದೆ ಮುಂದೆ ಅವಳು ನಾಲ್ಕು ಕನ್ನಡ ಮಾತು ಆಡುತ್ತಿದ್ದಾಳೆ. ಕೆಲವು ತಪ್ಪು. ನಾವು ಒಳಗಿನ ಕೋಣೆಯಲ್ಲಿ ಪೇಪರು ಹಿಡಿದುಕೊಂಡು ಸುಮ್ಮನಿರುತ್ತೇವೆ.

ಮಕ್ಕಳು ದಿನವಿಡೀ ಆಟವಾಡಲಿ ಎಂದು ನಮ್ಮ ವಾದವಲ್ಲ. ಪಾಠದ ಹೊತ್ತಿಗೆ ಪಾಠ, ಊಟದ ಹೊತ್ತಿಗೆ ಊಟ. ಸಂಘದ ಕನ್ನಡ ವರ್ಗದಲ್ಲಿ ಶುದ್ಧ ಕನ್ನಡವನ್ನೂ ಕಲಿಸೋಣ, ಏಕೆಂದರೆ ನಿಯಮ ತಿಳಿಯದೆ ನಿಯಮದೊಡನೆ ಆಡಲು ಬಾರದು. ನಮ್ಮ ವಿನಂತಿ ಇಷ್ಟೇ. ಈ ರಾಜ್ಯೋತ್ಸವದಂದು ವೇದಿಕೆ ಹತ್ತಿದ ಮಗುವೊಂದು ‘ಬಂತು’, ‘ಬಂದರು’ಗಳನ್ನು ಅದಲುಬದಲು ಮಾಡಿದರೆ, ಮುಂದಿನ ಸಾಲಿನಲ್ಲಿರುವ ಹಿರಿಯರು ದಯವಿಟ್ಟು ಅದರ ಮಾತು ಪೂರ್ತಿಯಾಗುವ ತನಕ ಕಾಯಬೇಕು. ತಿದ್ದಲು ಮನೆಯಲ್ಲಿ ಬೇಕಾದಷ್ಟು ಹೊತ್ತಿದೆ.