ಹೊಟ್ಟೆನೋವಿಗೊಂದು ಮಾತು

ಮೂಡಿಗೆರೆಯಿಂದ ಕಳಸದ ಕಡೆಗೆ ಹೋಗುವ ದಾರಿಯಲ್ಲಿರುವ ನಮ್ಮೂರ ಚರ್ಚಿನ ಹಿಂದೆ ಒಂದು ಹಂಚಿನ ಸಭಾಂಗಣವಿದೆ. ಭಾನುವಾರ ಪೂಜೆ ಮುಗಿದ ಮೇಲೆ ಅಲ್ಲಿ ಹತ್ತು ಹನ್ನೆರಡು ಹೆಂಗಸರು ಚಾಪೆ ಹಾಸಿ ಕೂರುತ್ತಾರೆ. ಕಾಫಿ ಕೊಯ್ಲಿಗೆಂದು ಜಾರ್ಖಂಡದಿಂದ, ಅಸ್ಸಾಮಿನಿಂದ ಬಂದವರು. "ನಿಮಗೆ ಹಿಂದಿ ಬರುತ್ತಲ್ಲ ಟೀಚರ್, ಇವರಿಗೆ ನಾಲ್ಕು ಮಾತು ಕನ್ನಡ ಕಲಿಸಿಕೊಡಿ" ಎಂದು ಫಾದರ್ ಕೇಳಿದಾಗ ಇದರಲ್ಲೇನು ಕಷ್ಟವೆಂದು ಒಪ್ಪಿಕೊಂಡೆ.

ಇಪ್ಪತ್ತೆಂಟು ವರ್ಷ ಶಾಲೆಯಲ್ಲಿ ಮಾಡಿದ್ದನ್ನೇ ಅಲ್ಲಿಯೂ ಮಾಡಿದೆ. ಬೋರ್ಡಿನ ಮೇಲೆ ಅ ಆ ಇ ಈ ಬರೆದೆ. ಮೂರನೆಯ ವಾರಕ್ಕೆ ಅರ್ಧ ಚಾಪೆ ಖಾಲಿ. ಉಳಿದವರಲ್ಲಿ ಒಬ್ಬಳು ಹಿಂದಿಯಲ್ಲಿ ಮೆಲ್ಲಗೆ ಹೇಳಿದಳು: "ದೀದಿ, ನಮಗೆ ಬರೆಯುವುದು ಆಮೇಲೆ ಆಗಲಿ. ಮೊನ್ನೆ ಮಗ ರಾತ್ರಿಯೆಲ್ಲ ವಾಂತಿ ಮಾಡಿದ. ಆಸ್ಪತ್ರೆಯಲ್ಲಿ ಅವರು ಕೇಳಿದ್ದಕ್ಕೆಲ್ಲ ಹೂಂ ಅಂದೆ. ಯಾವುದಕ್ಕೆ ಹೂಂ ಅಂದೆನೋ ನನಗೇ ತಿಳಿಯದು."

ನನಗೆ ಅಮ್ಮನ ನೆನಪಾಯಿತು. ಮದುವೆಯಾಗಿ ಚಾರ್ಮಾಡಿ ಘಾಟಿ ಹತ್ತಿ ಈ ಕಡೆಯ ತೋಟಕ್ಕೆ ಬಂದಾಗ ಅವಳಿಗೆ ಬರುತ್ತಿದ್ದುದು ತುಳು ಒಂದೇ. ನಾನು ಕೈಕೂಸಾಗಿದ್ದಾಗ ಅವಳಿಗೆ ಹೊಟ್ಟೆನೋವು ಬಂದು ಔಷಧಿಗೆ ಹೋದಳಂತೆ. "ಬಂಜಿ ಬೇನೆ" ಎಂದಳು. ತುಳುವಿನಲ್ಲಿ ಬಂಜಿ ಎಂದರೆ ಹೊಟ್ಟೆ. ಅಲ್ಲಿದ್ದವರಿಗೆ ಅದು ಬಂಜೆ ಎಂದು ಕೇಳಿಸಿತು. ಕಂಕುಳಲ್ಲಿ ಕೂಸು ಇಟ್ಟುಕೊಂಡು ಬಂಜೆ ಅನ್ನುತ್ತಾಳಲ್ಲ ಎಂದು ಸಾಲಿನಲ್ಲಿ ನಿಂತವರೆಲ್ಲ ನಕ್ಕರು. ಅಮ್ಮ ಔಷಧಿ ಪಡೆಯದೆ ಹಿಂದಿರುಗಿದಳು. ಮುಂದೆ ನನಗೆ ಮಾತು ಬರುವವರೆಗೂ ನೆರೆಮನೆಯ ಹುಡುಗನನ್ನು ಜೊತೆಗೆ ಕರೆದುಕೊಳ್ಳದೆ ಪೇಟೆಗೆ ಹೋಗುತ್ತಿರಲಿಲ್ಲ.

ಯೋಚಿಸಿದರೆ ನಮ್ಮ ಕಾಫಿ ಸೀಮೆಯ ಚರಿತ್ರೆಯೆಲ್ಲ ಹೀಗೆ ಹೊರಗಿನಿಂದ ಬಂದವರದೇ. 17ನೆಯ ಶತಮಾನದಲ್ಲಿ ಬಾಬಾ ಬುಡನ್ ಯೆಮೆನ್ ದೇಶದಿಂದ ಏಳು ಬೀಜ ತಂದರೆಂಬ ಐತಿಹ್ಯವಿದೆ, ಗಿಡವೇ ಪರದೇಶಿ. 19ನೆಯ ಶತಮಾನದಲ್ಲಿ ದೊರೆಗಳ ತೋಟಗಳು ಎದ್ದಾಗ ಆಳುಗಳು ಘಟ್ಟದ ಕೆಳಗಿನಿಂದ, ಬಯಲುಸೀಮೆಯಿಂದ, ತಮಿಳು ನಾಡಿನಿಂದ ಬಂದರು. ಮುಂಗಡ ಕೊಟ್ಟು ಕರೆತರುತ್ತಿದ್ದವನು ಮೇಸ್ತ್ರಿ. ದೊರೆಯ ಮಾತು ಆಳಿಗೆ, ಆಳಿನ ಮಾತು ದೊರೆಗೆ ತಲುಪಬೇಕಾದರೆ ಅವನ ಬಾಯಿಂದಲೇ. ಎರಡು ಭಾಷೆ ಬಲ್ಲವನ ಕೈಯಲ್ಲಿ ಲಗಾಮು. ಕೂಲಿ ಎಷ್ಟು, ಸಾಲ ಎಷ್ಟು ತೀರಿತು ಎಂಬುದೂ ಅವನು ಹೇಳಿದಷ್ಟೇ.

1964ರಲ್ಲಿ ಭಾರತ ಮತ್ತು ಸಿಲೋನ್ ನಡುವೆ ಶಾಸ್ತ್ರಿ-ಸಿರಿಮಾವೋ ಒಪ್ಪಂದವಾಗಿ, ಅಲ್ಲಿನ ತೋಟಗಳಲ್ಲಿದ್ದ 5,25,000 ಮಂದಿಯನ್ನು ಭಾರತ ಕರೆಸಿಕೊಳ್ಳಲು ಒಪ್ಪಿತು. ಹಾಗೆ ಬಂದ ಕೆಲವರಿಗೆ ನಮ್ಮ ಘಟ್ಟದ ಕೆಳಗಿನ ಪುತ್ತೂರು, ಸುಳ್ಯಗಳ ರಬ್ಬರ್ ತೋಟಗಳಲ್ಲಿ ನೆಲೆ ಕೊಟ್ಟರು. ಈಗ ನನ್ನೆದುರು ಕೂರುವ ಅಸ್ಸಾಮಿನ ಹೆಂಗಸರ ಹಿರಿಯರನ್ನೂ 19ನೆಯ ಶತಮಾನದಲ್ಲಿ ಛೋಟಾ ನಾಗಪುರದಿಂದ ಚಹಾ ತೋಟಗಳಿಗೆ ಒಯ್ದಿದ್ದರು. ಅಜ್ಜಂದಿರು ಚಹಾಕ್ಕೆ, ಮೊಮ್ಮಕ್ಕಳು ಕಾಫಿಗೆ.

ಬಂದವರು ಕನ್ನಡ ಕಲಿತ ದೊಡ್ಡ ಕಥೆಗಳೂ ನಮ್ಮಲ್ಲಿವೆ. ಬಾಸೆಲ್ ಮಿಶನ್ನಿನ ಮೊಗ್ಲಿಂಗ್ 1843ರಲ್ಲಿ ಮಂಗಳೂರಿನಲ್ಲಿ ಕನ್ನಡ ಪತ್ರಿಕೆಯನ್ನೇ ಹೊರಡಿಸಿದರು. 1853ರಲ್ಲಿ ಬಂದ ಕಿಟ್ಟೆಲರ ನಿಘಂಟು 1894ರಲ್ಲಿ ಅಚ್ಚಾಯಿತು. ಅವರ ಪರಿಶ್ರಮಕ್ಕೆ ಕೈಮುಗಿಯುತ್ತೇನೆ. ಆದರೆ ಅವರಿಗೆ ಕಲಿಸಲು ಪಂಡಿತರಿದ್ದರು, ಬರೆಯಲು ಮೇಜಿತ್ತು. ಬುಟ್ಟಿ ಸೊಂಟಕ್ಕೆ ಕಟ್ಟಿ ಕಾಫಿ ಹಣ್ಣು ಕುಯ್ಯುವವಳಿಗೆ ಯಾವ ಪಂಡಿತರು?

ಸರ್ಕಾರವೇನೂ ಸುಮ್ಮನೆ ಕುಳಿತಿರಲಿಲ್ಲ. 1951ರ ತೋಟ ಕಾರ್ಮಿಕರ ಕಾಯ್ದೆಯಲ್ಲಿ ಮಕ್ಕಳ ಶಾಲೆಯ ಮಾತಿತ್ತು. 1978ರ ಅಕ್ಟೋಬರ್ 2ರಂದು ರಾಷ್ಟ್ರೀಯ ವಯಸ್ಕರ ಶಿಕ್ಷಣ ಕಾರ್ಯಕ್ರಮ, 1988ರಲ್ಲಿ ಸಾಕ್ಷರತಾ ಮಿಷನ್ ಬಂದವು. ಎಷ್ಟೋ ತಾಯಂದಿರು ಹೆಬ್ಬೆಟ್ಟು ಬಿಟ್ಟು ರುಜು ಹಾಕಿದರು. ಆದರೆ ಅವೆಲ್ಲ ಮಾತು ಬಲ್ಲವರಿಗೆ ಅಕ್ಷರ ಕಲಿಸುವ ಕೆಲಸ. ಮಾತೇ ಇಲ್ಲದೆ ಊರಿಗೆ ಬಂದವಳ ಕಷ್ಟ ಬೇರೆ.

ಮರುವಾರ ಬೋರ್ಡನ್ನು ಗೋಡೆಗೆ ತಿರುಗಿಸಿ ಇಟ್ಟೆ. ಒಬ್ಬಳು ನರ್ಸ್, ಒಬ್ಬಳು ರೋಗಿ. ಒಬ್ಬಳು ತೋಟದ ರೈಟರು, ಇನ್ನೊಬ್ಬಳು ಚೀಲ ತೂಗಿಸಲು ಬಂದವಳು. "ಇಲ್ಲಿ ನೋವು", "ನಿನ್ನೆಯಿಂದ ಜ್ವರ", "ಎಷ್ಟು ಕೆ.ಜಿ. ಆಯಿತು?", "ನನ್ನ ಲೆಕ್ಕ ತೋರಿಸಿ". ಎಲ್ಲಕ್ಕಿಂತ ಮೊದಲು ಕಲಿಸಿದ್ದು "ನನಗೆ ಗೊತ್ತಾಗಲಿಲ್ಲ, ಇನ್ನೊಂದು ಸಲ ಹೇಳಿ" ಎಂಬುದನ್ನು. ಹೂಂ ಅನ್ನುವ ಬದಲು ಅದನ್ನು ಹೇಳಲು ಧೈರ್ಯ ಬೇಕು. ನಗುನಗುತ್ತಲೇ ಹತ್ತಾರು ಸಲ ಹೇಳಿಸಿದೆ. ಬಿಟ್ಟುಹೋದವರಲ್ಲಿ ಕೆಲವರು ತಿರುಗಿ ಬಂದರು.

ಆಗ ಒಂದು ವಿಷಯ ತಿಳಿದು ನಾಚಿಕೆಯಾಯಿತು. ಅವರಿಗೆ ಕನ್ನಡ ಅಷ್ಟಿಷ್ಟು ಬರುತ್ತಿತ್ತು, ಆದರೆ ಎಲ್ಲವೂ ಏಕವಚನ. "ಬಾ", "ಹೋಗು", "ಬೇಗ ಮಾಡು". ನರ್ಸ್ ಪಾತ್ರದವಳಿಗೂ "ಏ, ಇಲ್ಲಿ ನೋಡು" ಎಂದೇ ಹೇಳಿದಳು ಒಬ್ಬಳು. ಯಾರಿಂದ ಕಲಿತೆ ಎಂದು ಕೇಳಬೇಕಾಗಿರಲಿಲ್ಲ. ನಾವು ಅವರೊಡನೆ ಆಡಿದ್ದನ್ನೇ ಅವರು ಕಲಿತಿದ್ದರು. ನಮ್ಮ ಮನೆಯ ಅಂಗಳಕ್ಕೆ ಕೆಲಸಕ್ಕೆ ಬಂದವರನ್ನು ನಾನೂ ಹಾಗೆಯೇ ಕರೆದಿದ್ದೇನೆ. ಅಂದಿನಿಂದ ತರಗತಿಯಲ್ಲಿ ನಾನು ಮೊದಲು "ಬನ್ನಿ, ಕೂತ್ಕೊಳ್ಳಿ" ಅನ್ನತೊಡಗಿದೆ. ಅವರೂ ಒಬ್ಬರಿಗೊಬ್ಬರು "ಬನ್ನಿ" ಎಂದು ಕರೆದು ಬಾಯಿಗೆ ಸೆರಗು ಹಿಡಿದು ನಕ್ಕರು.

ಒಂದು ಭಾನುವಾರ ಅಮ್ಮ ತಾನೂ ಬರುತ್ತೇನೆಂದಳು. ಗೋಡೆಗೊರಗಿ ಕೂತು ಎಲ್ಲವನ್ನೂ ಕೇಳಿ, ಕೊನೆಗೆ ತನ್ನ ಬಂಜಿಯ ಕಥೆಯನ್ನು ತಾನೇ ಹೇಳಿದಳು. ನಾನು ಹಿಂದಿಗೆ ತಿರುಗಿಸಿದೆ. ಯಾರೂ ನಗಲಿಲ್ಲ. ವಾಂತಿಯ ಮಗುವಿನ ತಾಯಿ ಅಮ್ಮನ ಹತ್ತಿರ ಸರಿದು ಕೂತು, ತನ್ನ ಹೊಟ್ಟೆ ಮುಟ್ಟಿಕೊಂಡು "ಬಂಜಿ" ಎಂದಳು. ಅಮ್ಮ "ಹೊಟ್ಟೆ" ಎಂದಳು. "ಪೇಟ್" ಎಂದಳು ಅವಳು.

ಕೊಯ್ಲು ಮುಗಿಯುವ ಹೊತ್ತಿಗೆ ಅವಳು ಮತ್ತೊಮ್ಮೆ ಮಗನನ್ನು ಆಸ್ಪತ್ರೆಗೆ ಕರೆದೊಯ್ಯಬೇಕಾಯಿತು. ಬರುವಾಗ ನಮ್ಮ ಮನೆಯ ಮುಂದೆ ನಿಂತು ಕೂಗಿದಳು: "ಟೀಚರ್, ಎರಡು ದಿನದಿಂದ ಜ್ವರ ಅಂತ ನಾನೇ ಹೇಳಿದೆ. ಅವರು ಬರೆದುಕೊಂಡರು."